ಮೊದಲ ಸೇರಿಗೆ ಲಾಭ

ರಾಶಿ ಅಳೆಯುವಾಗ ನಮ್ಮಪ್ಪನ ಬಾಯಲ್ಲಿ ‘ಒಂದು’ ಎಂಬ ಎಣಿಕೆಯನ್ನು ನಾನು ಯಾವತ್ತೂ ಕೇಳಲಿಲ್ಲ. ಮೊದಲ ಸೇರು ತುಂಬಿ ಚೀಲಕ್ಕೆ ಸುರಿಯುವಾಗ ‘ಲಾಭ’ ಅನ್ನುತ್ತಿದ್ದ. ಆಮೇಲೆ ಎರಡು, ಮೂರು, ನಾಲ್ಕು. ಮಗ್ಗಿಗಿಂತ ಮೊದಲು ನನಗೆ ಬಂದ ಲೆಕ್ಕ ಇದೇ. ಒಂದನೇ ಇಯತ್ತೆಯಲ್ಲಿ ಮಾಸ್ತರರು ಎಣಿಸಲು ಹೇಳಿದಾಗ ‘ಲಾಭ, ಎರಡು, ಮೂರು’ ಎಂದು ಶುರುಮಾಡಿ ಕಿವಿ ಹಿಂಡಿಸಿಕೊಂಡೆ. ಮುಂದೆ ನಾನೇ ಮೂವತ್ತೊಂದು ವರ್ಷ ಮಾಸ್ತರಿಕೆ ಮಾಡಿದೆ. ಹಾಗೆ ಎಣಿಸಿದ ಒಂದು ಮಗುವಿನ ಕಿವಿಯನ್ನೂ ಹಿಂಡಲಿಲ್ಲ ಎಂಬುದಷ್ಟೇ ನನ್ನ ವೃತ್ತಿಜೀವನದ ದೊಡ್ಡ ಸಾಧನೆ ಅನಿಸುತ್ತದೆ. ಈಗ ಹಾಗೆ ಎಣಿಸುವ ಮಕ್ಕಳೇ ಇಲ್ಲ, ಆ ಮಾತು ಬೇರೆ. ತೊಗರಿ, ಸೋಯಾ ಯಂತ್ರದಿಂದ ನೇರ ಚೀಲಕ್ಕೆ ಬೀಳುತ್ತವೆ, ಕಾಟಾ ತಾನೇ ಅಂಕಿ ತೋರಿಸುತ್ತದೆ.

ಅವ್ವನ ಬಾಯಿ ಅಪ್ಪನಿಗಿಂತ ಬಿಗಿ. ಗುಮ್ಮಿಯಲ್ಲಿ ಜೋಳ ತಳ ಕಂಡಾಗ ‘ಮುಗೀತು’ ಅನ್ನುತ್ತಿರಲಿಲ್ಲ. ‘ಜ್ವಾಳ ಹೆಚ್ಚ್ಯಾವ, ತರಬೇಕು’ ಅನ್ನುತ್ತಿದ್ದಳು. ದೀಪ ಆರಿಸು ಅನ್ನುವಂತಿಲ್ಲ, ದೊಡ್ಡದು ಮಾಡು ಅನ್ನಬೇಕು. ಮನೆಯಿಂದ ಹೊರಟವರು ‘ಹೋಗ್ತೀನಿ’ ಅಂದರೆ ಹೊಸ್ತಿಲ ಒಳಗೆ ಮರಳಿ ಕರೆದು ‘ಬರ್ತೀನಿ ಅನ್ನು’ ಎಂದು ತಿದ್ದಿ ಕಳಿಸುತ್ತಿದ್ದಳು. ಬಳೆ ಒಡೆಯುವುದಿಲ್ಲ, ಹೆಚ್ಚುತ್ತದೆ.

ಇದು ನಮ್ಮ ಮನೆಯ ಮಡಿ ಎಂದು ತಿಳಿದಿದ್ದೆ. ಬೀದರದ ಬಜಾರಕ್ಕೆ ಬಂದ ಮೇಲೆ ಗೊತ್ತಾಯಿತು, ಇದು ಊರಿನದೇ ಮಡಿ. ಉಸ್ಮಾನಗಂಜಿನಲ್ಲಿ ನಾನು ಬೇಳೆ ಒಯ್ಯುತ್ತಿದ್ದ ಅಂಗಡಿಯ ಮುದುಕ ರಾತ್ರಿ ಬಾಗಿಲು ಎಳೆಯುವ ಹೊತ್ತಿಗೆ ಹುಡುಗನಿಗೆ ‘ದುಕಾನ್ ಬಢಾ ದೇ’ ಅನ್ನುತ್ತಿದ್ದ. ಬಂದ್ ಮಾಡು ಎಂದಲ್ಲ, ಹೆಚ್ಚಿಸು ಎಂದು. ಉರ್ದುವಿನಲ್ಲಿ ಚಿರಾಗವನ್ನೂ ಹಾಗೇ ‘ಹೆಚ್ಚಿಸು’ತ್ತಾರೆ, ಉಂಡು ಎದ್ದಮೇಲೆ ದಸ್ತರಖಾನವನ್ನೂ. ಔರಾದ, ಭಾಲ್ಕಿ ಕಡೆಯ ಮರಾಠಿ ಮನೆಗಳಲ್ಲಿ ಬಳೆ ಚೂರಾದರೆ ‘ಬಾಂಗಡಿ ವಾಢವಲಿ’, ತೆಂಗಿನಕಾಯಿ ಒಡೆದರೆ ‘ನಾರಳ ವಾಢವಲಾ’. ಮೂರು ಭಾಷೆ, ಮೂರು ದೇವರ ಮನೆ, ಒಂದೇ ಕ್ರಿಯಾಪದ. ಯಾರು ಯಾರಿಂದ ಕಲಿತರೋ ಭಾಷಾಶಾಸ್ತ್ರದವರು ಹೇಳಲಿ. ಇಲ್ಲದ್ದನ್ನು ಬಾಯಿಂದ ‘ಇಲ್ಲ’ ಅಂದರೆ ಅದು ಇನ್ನಷ್ಟು ಇಲ್ಲವಾಗುತ್ತದೆ ಎಂಬ ಅಂಜಿಕೆ ಮಾತ್ರ ಮೂವರದೂ ಒಂದೇ.

ಈ ಅಂಜಿಕೆಗೆ ಸಮುದ್ರದಾಚೆಯೂ ನೆಂಟರಿದ್ದಾರೆ ಎಂದು ತಿಳಿಸಿದವನು ನನ್ನ ತಂಗಿಯ ಮಗ. ನಾಲ್ಕು ವರ್ಷ ನೈಜೀರಿಯಾದ ಲಾಗೋಸಿನಲ್ಲಿ ಕೆಲಸಕ್ಕಿದ್ದ. ಅಲ್ಲಿಯ ಯೊರುಬಾ ಜನ ಮಾತನ್ನು ಮೊಟ್ಟೆಗೆ ಹೋಲಿಸುತ್ತಾರಂತೆ. ಕೈಜಾರಿ ಬಿತ್ತೆಂದರೆ ಒಡೆಯಿತು. ಫೋನಿನಲ್ಲಿ ಇದನ್ನು ಕೇಳಿ ನಾನು ನಕ್ಕೆ. ಆಡಿದ ಮಾತು ಒಡೆದ ಮುತ್ತು ಎಂದು ನಮ್ಮಲ್ಲಿ ಹೇಳುತ್ತಾರೆ. ಅವರದು ಮೊಟ್ಟೆ, ನಮ್ಮದು ಮುತ್ತು. ನಿಜ ಹೇಳಬೇಕೆಂದರೆ ಅವರ ಹೋಲಿಕೆಯೇ ವಾಸಿ. ಮುತ್ತು ಕಂಡವರು ನಮ್ಮೂರಲ್ಲಿ ಯಾರಿದ್ದಾರೆ?

ಅಲ್ಲಿಂದ ಯೊರುಬಾ ಜನರ ‘ಇಫಾ’ದ ಬಗ್ಗೆ ಸಿಕ್ಕಷ್ಟನ್ನು ಓದಿದೆ. ಇಫಾ ಅಂದರೆ ಅವರ ಕಣಿ, ಶಾಸ್ತ್ರ, ಪುರಾಣ ಎಲ್ಲ ಸೇರಿದ ಒಂದು ಬಾಯಿಪಾಠದ ಭಂಡಾರ. ಯುನೆಸ್ಕೋ 2005ರಲ್ಲಿ ಅದನ್ನು ಮನುಕುಲದ ಆಸ್ತಿ ಎಂದು ಸಾರಿತು. ಅದರ ಒಡೆಯ ಓರುನ್ಮಿಲಾ ಎಂಬ ದೈವ. ಕಣಿ ಹೇಳುವವನು ಬಾಬಲಾವೊ, ರಹಸ್ಯದ ತಂದೆ ಎಂದರ್ಥ. ಹದಿನಾರು ತಾಳೆಬೀಜಗಳನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯಿಂದ ಗಬಕ್ಕನೆ ಬಾಚುತ್ತಾನೆ. ಹಿಂದೆ ಒಂದು ಉಳಿದರೆ ಹಲಗೆಯ ಪುಡಿಯ ಮೇಲೆ ಎರಡು ಗೆರೆ, ಎರಡು ಉಳಿದರೆ ಒಂದು ಗೆರೆ. ಎಂಟು ಸಲ ಹೀಗೆ ಗೆರೆ ಬಿದ್ದರೆ ಒಂದು ಆಕೃತಿ. ಅಂಥವು ಒಟ್ಟು 256. ಒಂದೊಂದು ಆಕೃತಿಗೂ ಹತ್ತಾರು, ನೂರಾರು ಪದ್ಯಗಳು. ಈ ಅಧ್ಯಾಯಗಳಿಗೆ ಅವರ ಭಾಷೆಯಲ್ಲಿ ‘ಓದು’ ಎಂದು ಹೆಸರು! ನಮ್ಮ ಓದಿಗೂ ಅವರ ಓದಿಗೂ ನಂಟಿಲ್ಲ. ಅಕ್ಷರವೇ ಇಲ್ಲದೆ ವರ್ಷಗಟ್ಟಲೆ ಗುರುವಿನ ಮನೆಯಲ್ಲಿದ್ದು ಕಂಠಪಾಠ ಮಾಡುವ ಅಧ್ಯಾಯವನ್ನು ‘ಓದು’ ಅನ್ನುತ್ತಾರಲ್ಲ ಎಂದು ನನ್ನೊಳಗಿನ ಮಾಸ್ತರನಿಗೆ ಖುಷಿಯಾಯಿತು, ಅಷ್ಟೇ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮುಂದಿನ ಭಾಗ. ಕೇಳಲು ಬಂದವನು ತನ್ನ ಕಷ್ಟವನ್ನು ಬಾಬಲಾವೊಗೆ ಹೇಳುವುದೇ ಇಲ್ಲ. ಒಂದು ನಾಣ್ಯಕ್ಕೆ ಪಿಸುಗುಟ್ಟಿ ಇಡುತ್ತಾನೆ. ಬಾಬಲಾವೊ ಬಿದ್ದ ‘ಓದಿ’ನ ಪದ್ಯಗಳನ್ನು ಒಂದೊಂದಾಗಿ ಹೇಳುತ್ತ ಹೋಗುತ್ತಾನೆ. ಹಿಂದೊಮ್ಮೆ ಇಂಥವನಿಗೆ ಹೀಗೆ ಕಣಿ ಬಿದ್ದಿತ್ತು, ಇಂಥ ಬಲಿ ಕೊಡಲು ಹೇಳಿದರು, ಅವನು ಕೊಟ್ಟ ಅಥವಾ ಕೊಡಲಿಲ್ಲ, ಆಮೇಲೆ ಹೀಗಾಯಿತು. ‘ಇದು ನನ್ನದೇ ಕತೆ’ ಎಂದು ಗುರುತಿಸುವವನು ಕೇಳುಗ. ಅಲ್ಲಿಗೂ ಮುಗಿಯಲಿಲ್ಲ. ‘ಎಬೊ’ ಅಂದರೆ ಆ ಬಲಿ, ಆ ದಾನ, ಆ ಖರ್ಚು, ಕೇಳಿದವನ ತಲೆಯ ಮೇಲೆ. ಮಾಡದಿದ್ದರೆ ಎಂಥ ಒಳ್ಳೆಯ ಕಣಿಯೂ ಫಲಿಸದು. ಮಾತನ್ನು ಆಗುವಂತೆ ಮಾಡುವ ಬಲಕ್ಕೆ ಅವರು ‘ಅಶೆ’ ಅನ್ನುತ್ತಾರೆ. ಹರಕೆಯ ಮಾತಿನ ಕೊನೆಗೆ ಎಲ್ಲರೂ ‘ಅಶೆ’ ಅನ್ನುವುದು ನಮ್ಮ ತಥಾಸ್ತು ಇದ್ದಂತೆ, ದರ್ಗಾದಲ್ಲಿ ‘ಆಮೀನ್’ ಅನ್ನುವಂತೆ. ಬರುವ ಒಳಿತಿನ ಪಟ್ಟಿಯಲ್ಲಿ ದುಡ್ಡು ಇದೆ, ಆದರೆ ಅದೊಂದೇ ಇಲ್ಲ. ದೀರ್ಘಾಯುಷ್ಯ ಇದೆ, ಮಕ್ಕಳಿದ್ದಾರೆ, ಗೆಲುವಿದೆ. ನಮ್ಮವರು ಹಾಲು ಹೈನ, ಮಕ್ಕಳು ಮರಿ ಎಂದು ಹರಸುವಾಗ ಬ್ಯಾಂಕಿನ ಪಾಸ್‌ಬುಕ್ ನೆನಪಾಗುವುದಿಲ್ಲವಲ್ಲ, ಹಾಗೆ.

ಇದನ್ನು ಓದಿದಾಗ ನೆನಪಾದದ್ದು ಒಬ್ಬ ಬುಡಬುಡಕಿಯವನು. ನನಗೆ ಹತ್ತು ವರ್ಷ. ಕೋಳಿ ಕೂಗುವ ಮೊದಲೇ ಓಣಿಗೆ ಬಂದು, ಹಾಲಕ್ಕಿ ನುಡಿದಿದೆ ಎಂದು ಬುಡಬುಡಕಿ ಅಲುಗಾಡಿಸಿ, ಈ ಮನೆಯ ಹಿರಿಮಗ ಸರ್ಕಾರದ ಚಾಕರಿ ಹಿಡಿಯುತ್ತಾನೆ ಅಂದ. ಅವ್ವ ಒಂದು ಸೇರು ಜೋಳ ಹಾಕಿದಳು. ಮುಂಜಾನೆ ವಿಚಾರಿಸಿದರೆ ಓಣಿಯ ಹನ್ನೊಂದು ಮನೆಯ ಹಿರಿಮಕ್ಕಳಿಗೂ ಅವನು ಅದೇ ಚಾಕರಿ ಕೊಟ್ಟು ಹೋಗಿದ್ದ! ಅಪ್ಪ ಹೊಟ್ಟೆ ಹಿಡಿದು ನಕ್ಕ. ಅವ್ವ ನಗಲಿಲ್ಲ. ‘ಅವ ಅಂದಾನ, ನಾವ್ ಮಾಡಬೇಕಲ್ಲ’ ಅಂದಳು. ಆ ಮಳೆಗಾಲ ಮುಗಿದ ಮೇಲೆ ಎರಡು ಆಡು ಮಾರಿ ನನ್ನನ್ನು ಬೀದರದ ಶಾಲೆಗೆ ಹಾಕಿದಳು. ಹನ್ನೊಂದು ಮನೆಯಲ್ಲಿ ಚಾಕರಿ ಹಿಡಿದವನು ನಾನೊಬ್ಬನೇ. ಬುಡಬುಡಕಿಯವನ ನುಡಿ ಫಲಿಸಿತು ಎಂದು ಊರವರು ಇಂದಿಗೂ ಹೇಳುತ್ತಾರೆ. ಆಡುಗಳ ಹೆಸರನ್ನು ಯಾರೂ ಎತ್ತುವುದಿಲ್ಲ.

ಇದರ ಇನ್ನೊಂದು ಮಗ್ಗುಲೂ ನಮ್ಮ ಮನೆಯಲ್ಲೇ ಇದೆ. 1972ರ ಬರದಲ್ಲಿ ಯಾವನೋ ಒಬ್ಬ ಬಂದು, ಅಷ್ಟೂರಿನ ತಗ್ಗಿನ ನಮ್ಮ ಕಾಕಾನ ಹೊಲಕ್ಕೆ ದೋಷವಿದೆ, ಇಟ್ಟುಕೊಂಡರೆ ಮನೆ ಉಳಿಯುವುದಿಲ್ಲ ಎಂದು ಹೇಳಿ ಹೋದ. ಅವನ ಹೆಸರೂ ಗೊತ್ತಿಲ್ಲ, ಊರೂ ಗೊತ್ತಿಲ್ಲ. ಕಾಕಾ ನಾಲ್ಕು ಎಕರೆ ಕಪ್ಪು ನೆಲವನ್ನು ಸಿಕ್ಕ ರೇಟಿಗೆ ಕೊಟ್ಟ. ಮೂರನೇ ವರ್ಷ ಅದೇ ಹೊಲದ ಬಾವಿಗೆ ನೀರು ಬಿತ್ತು. ಕೊಂಡವರು ಕಬ್ಬು ಹಚ್ಚಿದರು. ಕಾಕಾ ಸಾಯುವ ತನಕ ಆ ದಾರಿಯಲ್ಲಿ ನಡೆಯಲಿಲ್ಲ. ಒಬ್ಬನ ಮಾತಿಗೆ ಅವ್ವ ಎರಡು ಆಡು ಸೇರಿಸಿದಳು, ಇನ್ನೊಬ್ಬನ ಮಾತಿಗೆ ಕಾಕಾ ನಾಲ್ಕು ಎಕರೆ ಕಳೆದುಕೊಂಡ. ಆಡಿದ ಇಬ್ಬರಿಗೂ ಒಂದು ಪೈಸೆ ಖರ್ಚಾಗಲಿಲ್ಲ.

ಅಷ್ಟೂರಿನ ಗುಮ್ಮಟಗಳನ್ನು ನೋಡಲು ಬರುವವರಿಗೆ ಗೈಡುಗಳು ಕಮಾನು, ಬಣ್ಣ, ಗಚ್ಚು ತೋರಿಸುತ್ತಾರೆ. ನಾನು ಮಾತು ತೋರಿಸುತ್ತೇನೆ. ಬೀದರದಿಂದ ಪೂರ್ವಕ್ಕೆ, ಚೌಖಂಡಿ ಎಂಬ ಹಳೆಯ ಗೋರಿ ದಾಟಿ ತಗ್ಗಿಗೆ ಇಳಿದರೆ ಬಹಮನಿ ಸುಲ್ತಾನರ ಗೋರಿಗಳ ಸಾಲು. ದೊಡ್ಡದು ಅಹಮದ್ ಶಾಹನದು. 1422ರಲ್ಲಿ ಪಟ್ಟಕ್ಕೆ ಬಂದ, ಕಲಬುರಗಿಯಿಂದ ರಾಜಧಾನಿಯನ್ನು ಬೀದರಕ್ಕೆ ತಂದ, 1436ರಲ್ಲಿ ತೀರಿದ. ಒಳಗೆ ಗೋಡೆ, ಛತ್ತು ತುಂಬ ಬಂಗಾರದ ಬಣ್ಣದ ಬರಹ. ನಾನು ಮಕ್ಕಳನ್ನು ಕರೆದೊಯ್ದಾಗಲೆಲ್ಲ ಕಾವಲಿನವರು ಬಾಗಿಲಲ್ಲಿ ಕನ್ನಡಿ ಹಿಡಿದು ಬಿಸಿಲನ್ನು ಒಳಗೆ ತಿರುಗಿಸಿ ಅಕ್ಷರಗಳನ್ನು ತೋರಿಸುತ್ತಿದ್ದರು. ಓದಲು ಬರದ ಮಕ್ಕಳೂ ಬಾಯಿ ತೆರೆದು ನಿಲ್ಲುತ್ತಿದ್ದರು.

ಈ ಅರಸನಿಗೆ ‘ವಲಿ’, ಅಂದರೆ ಸಂತ, ಎಂಬ ಹೆಸರು ಬಂದದ್ದು ಯುದ್ಧ ಗೆದ್ದು ಅಲ್ಲ. ಮಳೆ ಹೋಗಿ ಬರ ಬಿದ್ದಾಗ ಗುಡ್ಡದ ಮೇಲೆ ಬಯಲಲ್ಲಿ ನಿಂತು ಪ್ರಾರ್ಥಿಸಿದ, ಮೋಡ ಕವಿಯಿತು, ನೆನೆಯುತ್ತ ನಿಂತ ಜನ ‘ವಲಿ’ ಎಂದು ಕೂಗಿದರು ಎಂಬ ಕತೆಯನ್ನು ಇತಿಹಾಸಕಾರ ಫಿರಿಶ್ತಾ ಬರೆದಿದ್ದಾನೆ. ಮಳೆ ಮಾತಿಗೆ ಬಂತೋ, ಬರುವ ಹೊತ್ತಾಗಿತ್ತೋ, ನಾನು ವಾದಿಸುವುದಿಲ್ಲ. ಅರಸನೊಬ್ಬ ಅರಮನೆ ಬಿಟ್ಟು, ಮಳೆ ಬರದಿದ್ದರೆ ನಗೆಗೀಡಾಗುವುದು ಖಂಡಿತ ಎಂದು ಗೊತ್ತಿದ್ದೂ, ಎಲ್ಲರೆದುರು ಬಾಯಿ ಬಿಟ್ಟು ಬೇಡಿದನಲ್ಲ, ಅದು ನನಗೆ ಸಾಕು.

ಅದೇ ಸಾಲಿನಲ್ಲಿ ಮೊಮ್ಮಗ ಹುಮಾಯೂನನ ಗೋರಿ. 1458ರಿಂದ 1461, ಮೂರೇ ವರ್ಷ ಆಳಿದ. ಜನ ಕೊಟ್ಟ ಹೆಸರು ‘ಜಾಲಿಂ’, ಕ್ರೂರಿ. ಸಿಡಿಲು ಬಡಿದು ಅವನ ಗುಮ್ಮಟ ಸೀಳಿದೆ. ಒಳಗಿನ ಇಟ್ಟಿಗೆ, ಗಚ್ಚು ಬಿರಿದ ಹಣ್ಣಿನಂತೆ ಹೊರಗೆ ಕಾಣುತ್ತವೆ. ಸಿಡಿಲಿಗೆ ನ್ಯಾಯ ಗೊತ್ತಿಲ್ಲ ಎಂದು ವಿಜ್ಞಾನ ಕಲಿಸಿದವನು ನಾನು. ಆದರೂ ಅಜ್ಜ ‘ವಲಿ’, ಮೊಮ್ಮಗ ‘ಜಾಲಿಂ’ ಎಂದು ಆರು ಶತಮಾನ ತಪ್ಪದೆ ಹೇಳಿಕೊಂಡು ಬಂದದ್ದು ಯಾವ ಶಾಸನವೂ ಅಲ್ಲ, ಊರ ಬಾಯಿ.

ಈ ಸಾಲಿನಲ್ಲೇ ಹುಮಾಯೂನನ ಮಗ ಮೂರನೇ ಮುಹಮ್ಮದ್ ಶಾಹನೂ ಇದ್ದಾನೆ. ಅವನದು ಒಂದೇ ಮಾತಿನ ಕತೆ. ಬೀದರದ ಮದರಸಾ ಕಟ್ಟಿಸಿದ ವಜೀರ ಮಹಮೂದ್ ಗವಾನನ ಏಳಿಗೆ ಸಹಿಸದವರು, ಅವನ ಮುದ್ರೆ ಕಾಯುವವನಿಗೆ ಕುಡಿಸಿ, ಖಾಲಿ ಕಾಗದಕ್ಕೆ ಮುದ್ರೆ ಒತ್ತಿಸಿಕೊಂಡು, ಒಡಿಶಾದ ಅರಸನಿಗೆ ದಂಡೆತ್ತಿ ಬಾ ಎಂದು ಕರೆಯುವ ಪತ್ರ ಸೃಷ್ಟಿಸಿದರು. ಮುದ್ರೆ ಖರೆ, ಮಾತು ಸುಳ್ಳು. ಇವತ್ತು ಯಾರದೋ ಫೋಟೋ, ಯಾರದೋ ಸಹಿ ಹಚ್ಚಿ ಬರುವ ವಾಟ್ಸಾಪ್ ಸಂದೇಶಗಳ ಮುತ್ತಜ್ಜ ಅದು. ನಶೆಯಲ್ಲಿದ್ದ ಸುಲ್ತಾನ ವಿಚಾರಿಸಲಿಲ್ಲ, ಕಡಿಯಲು ಹೇಳಿದ. 1481ರ ಏಪ್ರಿಲ್. ಎಪ್ಪತ್ತರ ಆಸುಪಾಸಿನ ಮುದುಕನ ತಲೆ ಹೋಯಿತು. ನಿಜ ತಿಳಿದು ಕೊರಗಿದ ಸುಲ್ತಾನ ಒಂದು ವರ್ಷವನ್ನೂ ಪೂರೈಸಲಿಲ್ಲ. ಆಮೇಲಿನದು ಎಲ್ಲರಿಗೂ ಗೊತ್ತು: ಬಹಮನಿ ರಾಜ್ಯ ವಿಜಾಪುರ, ಅಹಮದನಗರ, ಗೋಲ್ಕೊಂಡ, ಬೇರಾರ, ಬೀದರ ಎಂದು ಐದು ಚೂರಾಯಿತು. ನಮ್ಮ ಊರು ಒಮ್ಮೆ ಕಂಡಿದ್ದ ಸಿರಿ ಮತ್ತೆ ಕಾಣಲಿಲ್ಲ. ಮೊಟ್ಟೆಯ ಗಾದೆ ಕೇಳಿದಾಗ ನನಗೆ ಕಣ್ಣಿಗೆ ಕಟ್ಟುವುದು ಮುದ್ರೆ ಒತ್ತಿದ ಆ ಖಾಲಿ ಕಾಗದ.

ಆದರೆ ಅಷ್ಟೂರು ಬರೀ ಒಡೆದ ಮಾತಿನ ಊರಲ್ಲ. ಹೋಳಿ ಆದ ಇಪ್ಪತ್ತನೇ ದಿನ ಅಹಮದ್ ಶಾಹ ವಲಿಯ ಉರುಸು. ಮುಸಲ್ಮಾನ ಸಂತನ ಉರುಸು, ತಿಥಿ ಹಿಂದೂ ಪಂಚಾಂಗದ್ದು. ಅದನ್ನು ನಡೆಸಿಕೊಡುವವರು ಕಲಬುರಗಿ ಜಿಲ್ಲೆಯ ಮಾಡಿಯಾಳದ ಜಂಗಮರು. ಭಕ್ತರೊಂದಿಗೆ ದಾರಿಯುದ್ದ ನಡೆದು ಬಂದು, ಶಂಖ ಊದಿ, ಗೋರಿಗೆ ಹೂ ಏರಿಸಿ, ಕಾಯಿ ಒಡೆಯುತ್ತಾರೆ. ಕ್ಷಮಿಸಿ, ಹೆಚ್ಚಿಸುತ್ತಾರೆ. ಲಿಂಗಾಯತ ಭಕ್ತರ ಬಾಯಲ್ಲಿ ಒಳಗೆ ಮಲಗಿದವನು ಅಲ್ಲಮಪ್ರಭು. ಮುಸಲ್ಮಾನರ ಬಾಯಲ್ಲಿ ವಲಿ. ಒಬ್ಬನಿಗೇ ಎರಡು ಹೆಸರು, ಎರಡೂ ಒಂದೇ ಗುಮ್ಮಟದ ಕೆಳಗೆ, ಒಂದರ ಮೇಲೊಂದು ದನಿ ಏರಿಸದೆ. ಅಲ್ಲಮ ಹನ್ನೆರಡನೇ ಶತಮಾನದವನು, ಸುಲ್ತಾನ ಹದಿನೈದನೆಯದರವನು, ಇಬ್ಬರೂ ಒಬ್ಬರೇ ಆಗುವುದು ಹೇಗೆ ಎಂದು ಒಮ್ಮೆ ಒಬ್ಬ ಶಾಣ್ಯಾ ಹುಡುಗ ಜಾತ್ರೆಯಲ್ಲೇ ಗಟ್ಟಿಯಾಗಿ ಕೇಳಿದ. ಪಕ್ಕದಲ್ಲಿ ಚುರುಮುರಿ ಮಾರುತ್ತಿದ್ದ ಮುದುಕಿ ‘ನೀ ಲೆಕ್ಕ ಮಾಡ್ಲತ್ತಿ, ನಾವ್ ಬದುಕ ಮಾಡ್ಲತ್ತೀವಿ’ ಅಂದಳು. ಅವಳು ಹೇಳಿದ್ದು ಅಕ್ಷರಶಃ ನಿಜ: ಜಾತ್ರೆಯ ನಾಲ್ಕು ದಿನದ ವ್ಯಾಪಾರದಲ್ಲಿ ಮಿಠಾಯಿಯವರು, ಬಳೆಯವರು, ಹೂವಿನವರು ತಿಂಗಳ ಗಂಜಿ ಕಟ್ಟಿಕೊಳ್ಳುತ್ತಾರೆ. ಎರಡು ಹೆಸರು ಒಟ್ಟಿಗಿರುವವರೆಗೆ ಮಾತ್ರ ಅದು ನಡೆಯುವ ಅಂಗಡಿ.

ಇಂಥ ಎಲ್ಲರ ಮಾತನ್ನು ಕಿತ್ತುಕೊಳ್ಳುವವರ ಬಗ್ಗೆಯೇ ನನ್ನ ತಕರಾರು. ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ಗೊರವಯ್ಯ ಕಾರಣಿಕ ನುಡಿಯುತ್ತಾನೆ. ಹನ್ನೊಂದು ದಿನ ಉಪವಾಸವಿದ್ದು, ಎತ್ತರದ ಬಿಲ್ಲೇರಿ ‘ಸದ್ದಲೇ’ ಅನ್ನುತ್ತಾನೆ. ಲಕ್ಷಗಟ್ಟಲೆ ಜನ ಒಮ್ಮೆಲೇ ಉಸಿರು ಬಿಗಿಹಿಡಿಯುತ್ತಾರೆ. ಒಂದೇ ವಾಕ್ಯ, ಕೊನೆಗೆ ‘ಪರಾಕ್’. ಆಡಿ ಮುಗಿಸಿದವನು ಬಿಲ್ಲಿನಿಂದ ಕೆಳಗೆ ಬೀಳುತ್ತಾನೆ, ಜನ ಹಿಡಿಯುತ್ತಾರೆ. ರೈತ ಅದನ್ನು ತನ್ನ ಹೊಲದ ಮಳೆಬೆಳೆಗೆ ಹೊಂದಿಸಿಕೊಂಡು ಊರಿಗೆ ಮರಳುತ್ತಾನೆ. ಯೊರುಬಾ ಕೇಳುಗ ತನ್ನ ಪದ್ಯವನ್ನು ತಾನೇ ಗುರುತಿಸಿದ ಹಾಗೆಯೇ ಇದು. ನಮ್ಮ ಭಾಲ್ಕಿ ತಾಲ್ಲೂಕಿನ ಖಾನಾಪುರದ ಮೈಲಾರ ಮಲ್ಲಣ್ಣನೂ ಅದೇ ದೈವ, ಅದೇ ಭಂಡಾರ.

ಈಗ ನೋಡಿ, ಗೊರವಯ್ಯ ನೆಲ ಮುಟ್ಟುವ ಮೊದಲೇ ಟಿವಿಯವರು ಆ ವಾಕ್ಯವನ್ನು ಕಿತ್ತುಕೊಂಡು, ಯಾರ ಕುರ್ಚಿ ಹೋಗುತ್ತದೆ, ಯಾರು ಮುಖ್ಯಮಂತ್ರಿ ಆಗುತ್ತಾರೆ ಎಂದು ಸಂಜೆಯ ತನಕ ಜಗಿಯುತ್ತಾರೆ. ಮಳೆಯ ಮಾತು ಪಕ್ಕಕ್ಕೆ. ಹನ್ನೊಂದು ದಿನ ಹಸಿದವನ ಒಂದು ವಾಕ್ಯದ ಮೇಲೆ, ಹನ್ನೊಂದು ನಿಮಿಷ ಹಸಿವು ಕಾಣದವರ ಹನ್ನೊಂದು ಸಾವಿರ ವಾಕ್ಯ! ಕಾರಣಿಕವನ್ನು ನಂಬದಿರುವುದು ತಪ್ಪಲ್ಲ, ನಾನೂ ಪೂರ್ತಿ ನಂಬುವವನಲ್ಲ. ಅದನ್ನು ಸಟ್ಟಾಬಜಾರದ ಚೀಟಿ ಮಾಡಿದ್ದು ತಪ್ಪು.

ಮಾತು ನೀಗಿಸದವರ ಪೈಕಿ ಸರ್ಕಾರಿ ಮೇಜುಗಳೂ ಕಡಿಮೆಯಿಲ್ಲ. ಕೊಯ್ಲಿನ ಹೊತ್ತಿಗೆ ಸುರಿದ ಮಳೆಗೆ ನನ್ನ ಸೋಯಾ ಹೋದಾಗ ಪರಿಹಾರಕ್ಕೆಂದು ಒಂದು ಕಚೇರಿಗೆ ಆರು ಸಲ ಅಲೆದೆ. ಆರು ಸಲವೂ ‘ಆಗ್ತದ್ರಿ, ನಾಳಿ ಬರ್ರಿ’. ದೆವ್ವಕ್ಕೆ ಹೆದರಿ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುವುದನ್ನು ಕೇಳಿದ್ದೆ. ಅಲ್ಲಿ ಬಾಗಿಲ ಒಳಗೆ ಕುಳಿತವರು ನನಗೆ ಹೆದರಿದ್ದರೋ ಏನೋ.

ಮಾತು ನೀಗಿಸುವವರನ್ನು ನೋಡಬೇಕೆಂದರೆ ಹೊಲಕ್ಕೆ ಬರಬೇಕು. ಎಳ್ಳಮಾಸಿಯ ದಿನ ಬೀದರ ಸೀಮೆ ಖಾಲಿಯಾಗುತ್ತದೆ. ಎಲ್ಲರೂ ಹೊಲದಲ್ಲಿ. ಭಜ್ಜಿ, ಅಂಬಲಿ, ಸಜ್ಜೆ ರೊಟ್ಟಿ ಹೊತ್ತುಕೊಂಡು ಹೋಗಿ, ಕೊಂಪಿಯಲ್ಲಿ ಪಾಂಡವರನ್ನು ಪೂಜಿಸಿ, ಹೊಲದ ಸುತ್ತ ಚರಗ ಚೆಲ್ಲುತ್ತ ‘ಹುಲ್ಲುಲ್ಲಿಗೋ’ ಎಂದು ಕೂಗುತ್ತಾರೆ. ಊರಿಗೊಂದು ಉಚ್ಚಾರ, ಅರ್ಥ ಕೇಳಿದರೆ ಮನೆಗೊಂದು. ಹುಲುಸಾಗಲಿ ಎಂಬುದೇ ಸವೆದು ಹಾಗಾಗಿದೆ ಎಂದು ಅಪ್ಪ ಹೇಳುತ್ತಿದ್ದ. ಗಮನಿಸಿ: ಕೂಗುವವನ ಕೈ ಖಾಲಿ ಇರುವುದಿಲ್ಲ. ಅಡಿಗೆ ಮಾಡಿದ್ದಾರೆ, ಹೊತ್ತು ತಂದಿದ್ದಾರೆ, ಮಣ್ಣಿಗೂ ಹಕ್ಕಿಗೂ ಪಾಲು ಚೆಲ್ಲಿ ಆಮೇಲೆ ಬಾಯಿ ತೆರೆಯುತ್ತಾರೆ. ಅಪ್ಪನ ‘ಲಾಭ’ವೂ ಹಾಗೇ ಇತ್ತು. ಆರು ತಿಂಗಳ ಬೆವರಿನ ರಾಶಿಯ ಮುಂದೆ ಕೂತು ಆಡಿದ ಮಾತು ಅದು, ಬಿತ್ತದ ಹೊಲದ ಬದುವಿನಲ್ಲಿ ನಿಂತು ಅಂದದ್ದಲ್ಲ.

ಈಚೆಗೆ ಅಷ್ಟೂರಿನ ಉರುಸಿನ ಹತ್ತಿರಹತ್ತಿರ ನನ್ನ ಮೊಬೈಲಿಗೂ ಸಂದೇಶಗಳು ಬರುತ್ತಿವೆ. ಅಲ್ಲಿ ಮಲಗಿರುವುದು ನಿಜಕ್ಕೂ ಯಾರು ಎಂದು ‘ಇತ್ಯರ್ಥ’ ಮಾಡಲು ಹೊರಟವರ ಸಂದೇಶ. ಒಂದು ಹೆಸರು ಅಳಿಸಿದರೆ ಇನ್ನೊಂದು ಗಟ್ಟಿಯಾಗುತ್ತದೆ ಎಂದು ಅವರ ಎಣಿಕೆ. ಅವರಲ್ಲಿ ಒಬ್ಬರೂ ಮಾಡಿಯಾಳದಿಂದ ನಡೆದು ಬಂದವರಲ್ಲ.

ಅಂಥವರಿಗೂ, ವೇದಿಕೆ ಹಾಕಿಸಿಕೊಂಡು ಪ್ರವಾಸೋದ್ಯಮದ ಭರವಸೆ ಕೊಡುವ ಉತ್ಸಾಹಿಗಳಿಗೂ, ಪ್ಯಾನೆಲ್ ಚರ್ಚೆಯವರಿಗೂ ಈ ನಿವೃತ್ತ ಮಾಸ್ತರನದು ಒಂದೇ ಬೇಡಿಕೆ. ಹೋಳಿ ಆದ ಇಪ್ಪತ್ತನೇ ದಿನ ಅಷ್ಟೂರಿಗೆ ಬನ್ನಿ. ಚೌಖಂಡಿಯ ಹತ್ತಿರ ಗಾಡಿ ಬಿಟ್ಟು ನಡೆದು ಬನ್ನಿ. ಶಂಖ ಕೇಳಿ, ಚುರುಮುರಿ ಕೊಳ್ಳಿ. ಮೈಕ್ ಮಾತ್ರ ತರಬೇಡಿ.